ದೊಡ್ಡ ಟ್ಯಾಂಕ್ ಇಟ್ಟರೆ ನಲ್ಲಿಯಲ್ಲಿ ಒತ್ತಡ ಜಾಸ್ತಿ ಆಗುತ್ತದೆಯೇ?

ಇಲ್ಲ. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಗುಡ್ಡದ ಮೇಲಿನ 500 ಲೀಟರ್ ಟ್ಯಾಂಕ್ ತೆಗೆದು 2000 ಲೀಟರಿನದು ಇಟ್ಟರೂ ಕೆಳಗಿನ ಮನೆಗೆ ಬರುವ ಒತ್ತಡ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ನೀರು ಜಾಸ್ತಿ ಹೊತ್ತು ಬರುತ್ತದೆ, ನಿಜ. ಆದರೆ ಒತ್ತಡಕ್ಕೆ ಬೇಕಾದ ಲೆಕ್ಕ ಒಂದೇ: ಟ್ಯಾಂಕಿನ ನೀರಿನ ಮಟ್ಟದಿಂದ ನಲ್ಲಿ ಎಷ್ಟು ಕೆಳಗಿದೆ?

ಆಳದಲ್ಲಿರುವ ನೀರು ತನ್ನ ನೆತ್ತಿಯ ಮೇಲಿನ ನೀರನ್ನು ಹೊರಬೇಕು. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ 10 ಮೀಟರ್ ಎತ್ತರಕ್ಕೆ ನೀರು ನಿಂತಿದೆ ಅಂದುಕೊಳ್ಳಿ. ಅದು ಸರಿಯಾಗಿ ಒಂದು ಲೀಟರ್, ಅಂದರೆ ಒಂದು ಕೆಜಿ. 20 ಮೀಟರ್ ಆದರೆ ಎರಡು ಕೆಜಿ. ಟ್ಯಾಂಕ್ ಅಗಲವಾದರೆ ಆ ಹೆಚ್ಚಿನ ನೀರಿನ ಭಾರ ಟ್ಯಾಂಕಿನ ತಳದ ಮೇಲೆ ಬೀಳುತ್ತದೆ, ನಿಮ್ಮ ನಲ್ಲಿಯ ಮೇಲಲ್ಲ. ಪೈಪ್ ಗುಡ್ಡ ಬಳಸಿಕೊಂಡು ಓರೆಯಾಗಿ ಬಂದರೂ ಲೆಕ್ಕಕ್ಕೆ ಬರುವುದು ನೇರ ಎತ್ತರ ಮಾತ್ರ.

ಅಂಗಡಿಯಲ್ಲಿ ‘ನಾಲ್ಕು ಕೆಜಿ ಪೈಪಾ, ಆರು ಕೆಜಿ ಪೈಪಾ’ ಅಂತ ಕೇಳುತ್ತಾರಲ್ವಾ? ಅದು ಪೈಪಿನ ತೂಕವಲ್ಲ, ಪ್ರತಿ ಚದರ ಸೆಂಟಿಮೀಟರಿಗೆ ಅದು ತಡೆಯುವ ಒತ್ತಡ. ಟ್ಯಾಂಕ್ 50 ಮೀಟರ್ ಮೇಲಿದ್ದರೆ ನಲ್ಲಿ ಮುಚ್ಚಿದಾಗ ಕೆಳಗೆ ಐದು ಕೆಜಿ ಒತ್ತಡ. ಅಲ್ಲಿ ನಾಲ್ಕು ಕೆಜಿ ಪೈಪ್ ಹಾಕಿದರೆ ಒಡೆಯುವುದು ಗುಡ್ಡದ ತುದಿಯಲ್ಲಲ್ಲ, ಕೆಳಗೆ ಮನೆ ಹತ್ತಿರ.

ಗೊರೂರಿನ ಹೇಮಾವತಿ ಅಣೆಕಟ್ಟಿಗೂ ಇದೇ ನಿಯಮ. ಹಿಂದೆ ನೀರು ಎಷ್ಟು ದೂರ ಹರಡಿದೆ ಅನ್ನುವುದು ಮುಖ್ಯವಲ್ಲ. ಕಟ್ಟೆಯ ಬುಡದಲ್ಲಿ ಆಳ ಜಾಸ್ತಿ, ಒತ್ತಡವೂ ಜಾಸ್ತಿ, ಅದಕ್ಕೇ ಬುಡ ದಪ್ಪ.