ಮೂರು ದಿನದಲ್ಲಿ ಮುಗಿಯಬೇಕಿದ್ದ ಪೆಲೆಲಿಯು ಕದನ ಎರಡು ತಿಂಗಳಿಗೂ ಹೆಚ್ಚು ನಡೆದದ್ದೇಕೆ?

ನೀವು ಕೇಳಿರುವ ಆ ಮೂರು ದಿನದ ಲೆಕ್ಕ ಮೇಜರ್ ಜನರಲ್ ವಿಲಿಯಂ ರುಪರ್ಟಸ್ ಅವರದು. ಎರಡನೇ ಮಹಾಯುದ್ಧದಲ್ಲಿ ಜಪಾನಿಯರ ಹಿಡಿತದಲ್ಲಿದ್ದ, ಪೆಸಿಫಿಕ್ ಸಾಗರದ ಪಲಾವು ದ್ವೀಪಸಮೂಹದ ಪೆಲೆಲಿಯು ದ್ವೀಪದ ಮೇಲೆ ಇಳಿಯಬೇಕಿದ್ದ ಅಮೆರಿಕದ 1ನೇ ಮರೀನ್ ಡಿವಿಷನ್ ಅವರ ಕೈಯಲ್ಲಿತ್ತು. 1944ರ ಸೆಪ್ಟೆಂಬರ್ 15ರಂದು ಸೈನಿಕರು ದಡ ಹತ್ತಿದರು. ಕದನ ಮುಗಿದದ್ದು ನವೆಂಬರ್ 27ರಂದು. ಇಡೀ ದ್ವೀಪ ಇರುವುದೇ ಸುಮಾರು 13 ಚದರ ಕಿಲೋಮೀಟರ್. ಜಪಾನಿಯರ ಹಠವೇ ಕಾರಣ ಎಂದು ಒಂದೇ ಮಾತಿನಲ್ಲಿ ಮುಗಿಸುವವರನ್ನು ನಾನು ಒಪ್ಪುವುದಿಲ್ಲ. ಹಠ ಹಿಂದಿನ ದ್ವೀಪಗಳಲ್ಲೂ ಇತ್ತು.

ಅಲ್ಲಿ ಹೆಚ್ಚಾಗಿ ಜಪಾನಿ ಪಡೆಗಳು ಶತ್ರುವನ್ನು ದಡದಲ್ಲೇ ತಡೆಯಲು ನೋಡಿ, ಸೋಲು ಖಚಿತವಾದಾಗ ಒಮ್ಮೆಗೇ ನುಗ್ಗಿ ಸಾಯುತ್ತಿದ್ದವು. ಪೆಲೆಲಿಯುವಿನ ಜಪಾನಿ ಪಡೆಯ ನಾಯಕ ಕರ್ನಲ್ ಕುನಿಯೊ ನಕಗಾವಾ ಅದನ್ನು ಬೇಡವೆಂದರು. ಸುಮಾರು 11,000 ಮಂದಿಯ ಪಡೆಯಲ್ಲಿ ಮುಖ್ಯ ಭಾಗವನ್ನು ಉಮುರ್‌ಬ್ರೊಗೊಲ್ ಎಂಬ ಹವಳದ ಕಲ್ಲಿನ ಗುಡ್ಡಸಾಲಿನ ಗುಹೆಗಳಲ್ಲಿ ಕೂರಿಸಿದರು. 500ಕ್ಕೂ ಹೆಚ್ಚು ಗುಹೆಗಳು, ಹಲವು ಸುರಂಗಗಳಿಂದ ಕೂಡಿಕೊಂಡವು, ಕೆಲವಕ್ಕೆ ಉಕ್ಕಿನ ಬಾಗಿಲು. ಗುಡ್ಡದ ಏರಿಳಿತವನ್ನು ಕಾಡು ಮುಚ್ಚಿದ್ದರಿಂದ ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಅದು ಸರಿಯಾಗಿ ಕಾಣಲೇ ಇಲ್ಲ. ನೌಕಾಪಡೆ ಮೂರು ದಿನ ಗುಂಡು ಸುರಿಸಿ, ಹೊಡೆಯಲು ಇನ್ನೇನೂ ಉಳಿದಿಲ್ಲ ಎಂದಿತು. ಗುಹೆಯಲ್ಲಿದ್ದವರು ಉಸಿರು ಬಿಗಿಹಿಡಿದು ಕಾದಿದ್ದರು.

ಓದುವಾಗಲೆಲ್ಲ ನನ್ನ ಸಂಕಟ ಹೆಚ್ಚಿಸುವುದು ನೀರಿನ ಸಂಗತಿ. ಬಿಸಿಲು 45 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅಮೆರಿಕದ ಸೈನಿಕರಿಗೆ ಹಡಗಿನಿಂದ ಡ್ರಮ್ಮುಗಳಲ್ಲಿ ನೀರು ಬಂತು. ಅವು ಹಿಂದೆ ಎಣ್ಣೆ ತುಂಬಿದ್ದ ಡ್ರಮ್ಮುಗಳು, ಸರಿಯಾಗಿ ತೊಳೆದಿರಲಿಲ್ಲ. ಬಾಯಾರಿ ಬೆಂದವರು ತುಕ್ಕು, ಎಣ್ಣೆ ಬೆರೆತ ಆ ನೀರನ್ನೇ ಕುಡಿದು ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡಿದರು. ಹಳ್ಳ ತೋಡಿ ಅಡಗೋಣವೆಂದರೆ ಹವಳದ ಕಲ್ಲಿಗೆ ಗುದ್ದಲಿ ನಾಟುವುದಿಲ್ಲ. ಶೆಲ್ ಬಿದ್ದರೆ ಆ ಕಲ್ಲೇ ಸಿಡಿದು ಮೈಗೆ ಚುಚ್ಚುತ್ತಿತ್ತು. ಹೆಣಗಳನ್ನು ಹೂಳಲಾಗದೆ ನೊಣ ಮುತ್ತಿ, ಡಿಡಿಟಿ ಸಿಂಪಡಿಸಬೇಕಾಯಿತು.

ರುಪರ್ಟಸ್ ಅವರ ತಪ್ಪನ್ನೂ ಹೇಳಲೇಬೇಕು. ಚೆಸ್ಟಿ ಪುಲ್ಲರ್ ಅವರ 1ನೇ ಮರೀನ್ ರೆಜಿಮೆಂಟ್ ಗುಡ್ಡವನ್ನು ಎದುರಿನಿಂದಲೇ ಏರಿ ಏರಿ, ಸುಮಾರು 3,000 ಮಂದಿಯಲ್ಲಿ ಅರ್ಧಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಗಾಯಗೊಂಡರು. ಆದರೂ ಭೂಸೇನೆಯ ನೆರವು ರುಪರ್ಟಸ್ ಅವರಿಗೆ ಬೇಡವಾಗಿತ್ತು. ಮೇಲಧಿಕಾರಿ ರಾಯ್ ಗೈಗರ್ ಖುದ್ದಾಗಿ ಬಂದು ನೋಡಿ, ಆ ರೆಜಿಮೆಂಟನ್ನು ಹಿಂದಕ್ಕೆ ಕರೆಸಿ, ಭೂಸೇನೆಯ 81ನೇ ಡಿವಿಷನ್‌ನ ಸೈನಿಕರನ್ನು ತರಿಸಿದರು. ಅಲ್ಲಿಂದ ಮುಂದೆ ಒಂದೊಂದೇ ಗುಹೆಗೆ ಬೆಂಕಿ ಹಾಯಿಸಿ, ಸಿಡಿಮದ್ದಿಟ್ಟು ಬಾಯಿ ಮುಚ್ಚುವ ಕೆಲಸ. ಗುಡ್ಡ ಎಷ್ಟು ಹತ್ತಿರವಿತ್ತೆಂದರೆ, ದ್ವೀಪದ ವಿಮಾನನೆಲೆಯಿಂದ ಮೇಲೆದ್ದ ಕೋರ್ಸೇರ್ ವಿಮಾನಗಳು ಚಕ್ರಗಳನ್ನು ಒಳಗೆಳೆದುಕೊಳ್ಳದೆಯೇ ಬಾಂಬು ಹಾಕಿ ಮರಳಿ ಇಳಿಯುತ್ತಿದ್ದವು.

ಇದೆಲ್ಲ ಬೇಕಿತ್ತೇ? ಬೇಕಿರಲಿಲ್ಲ ಎಂದೇ ನಾನು ಹೇಳುತ್ತೇನೆ. ಫಿಲಿಪ್ಪೀನ್ಸ್‌ಗೆ ಹೊರಟ ಅಮೆರಿಕದ ಜನರಲ್ ಮೆಕಾರ್ಥರ್ ಅವರ ಪಡೆಗೆ ಪಕ್ಕದಿಂದ ಪೆಟ್ಟು ಬೀಳದಿರಲಿ ಎಂದು ಈ ದ್ವೀಪ ಹಿಡಿಯಲು ಹೊರಟದ್ದು. ಅವರು ಅಲ್ಲಿನ ಲೇಟೆ ದ್ವೀಪದಲ್ಲಿ ಇಳಿದದ್ದು ಅಕ್ಟೋಬರ್ 20ರಂದು. ಪೆಲೆಲಿಯುವಿನಲ್ಲಿ ಆಮೇಲೂ ಒಂದು ತಿಂಗಳಿಗಿಂತ ಹೆಚ್ಚು ಕಾಲ ಜನ ಸಾಯುತ್ತಲೇ ಇದ್ದರು. ದಾಳಿಗೆ ಮೊದಲೇ ಅಮೆರಿಕದ ಅಡ್ಮಿರಲ್ ಹ್ಯಾಲ್ಸಿ ಇದನ್ನು ಕೈಬಿಡಿ ಎಂದಿದ್ದರು. ಹಡಗುಗಳು ಆಗಲೇ ಹೊರಟಿದ್ದವು, ಅವರ ಮೇಲಧಿಕಾರಿ ಅಡ್ಮಿರಲ್ ನಿಮಿಟ್ಜ್ ಒಪ್ಪಲಿಲ್ಲ. ಅದೇ ಕಾರ್ಯಾಚರಣೆಯಲ್ಲಿ ಹೋರಾಟವೇ ಇಲ್ಲದೆ ಸಿಕ್ಕ ಉಲಿಥಿ ಎಂಬ ಹವಳದ್ವೀಪ ಮುಂದೆ ಅಮೆರಿಕದ ನೌಕಾಪಡೆಗೆ ದೊಡ್ಡ ಲಂಗರುದಾಣವಾಯಿತು.

ಅಮೆರಿಕದ ಕಡೆ ಸುಮಾರು 1,800 ಮಂದಿ ಸತ್ತರು. ಜಪಾನಿನ ಕಡೆ 10,000ಕ್ಕೂ ಹೆಚ್ಚು. ನಕಗಾವಾ ಆತ್ಮಹತ್ಯೆ ಮಾಡಿಕೊಂಡರು. ಆದರೆ ಲೆಫ್ಟಿನೆಂಟ್ ಯಾಮಗುಚಿ ಮತ್ತು ಅವರ ಸಂಗಡಿಗರು ಯುದ್ಧ ಮುಗಿದದ್ದನ್ನು ನಂಬದೆ ಗುಹೆಗಳಲ್ಲೇ ಉಳಿದರು. ಜಪಾನಿನ ಅಡ್ಮಿರಲ್ ಒಬ್ಬರನ್ನೇ ಕರೆತಂದು ಕೂಗಿ ಹೇಳಿಸಬೇಕಾಯಿತು. ಅವರು ಹೊರಬಂದದ್ದು 1947ರ ಏಪ್ರಿಲ್‌ನಲ್ಲಿ.