ಬಹುಮತ ಇಲ್ಲದ ಸರ್ಕಾರ ಬೀಳದೆ ಹೇಗೆ ನಿಲ್ಲುತ್ತದೆ?

ಅರ್ಧಕ್ಕಿಂತ ಕಡಿಮೆ ಸೀಟು ಬಂದ ಪಕ್ಷವೂ ಕೆಲವೊಮ್ಮೆ ಸರ್ಕಾರ ಮಾಡುತ್ತದೆ, ಎದುರಿಗೆ ಕೂತವರೇ ಜಾಸ್ತಿ ಇರುವಾಗ ಮೊದಲ ದಿನವೇ ಯಾಕೆ ಬೀಳಿಸುವುದಿಲ್ಲ, ಇಂಥ ಸರ್ಕಾರದಿಂದ ಏನಾದರೂ ಕೆಲಸ ಆಗುತ್ತದಾ ಅಂತ ಕೇಳಿದ್ದೀರಿ.

ನಾನೂ ಬಹಳ ದಿನ ಹೀಗೇ ತಲೆ ಕೆಡಿಸಿಕೊಂಡಿದ್ದೆ. ಎಡವುತ್ತಿದ್ದದ್ದು ಒಂದೇ ಕಡೆ. ಎದುರಿಗೆ ಕೂತವರೆಲ್ಲ ಒಂದೇ ಗುಂಪು ಅಂದುಕೊಂಡಿದ್ದೆ. ಅವರು ಒಬ್ಬರನ್ನೊಬ್ಬರು ಸೋಲಿಸಿಯೇ ಗೆದ್ದು ಬಂದವರು ಅಲ್ವಾ?

ನೂರು ಜನರ ಸದನ ಅಂತ ಇಟ್ಟುಕೊಳ್ಳಿ. ಒಂದು ಪಕ್ಷಕ್ಕೆ 42, ಇನ್ನೊಂದಕ್ಕೆ 33, ಮತ್ತೊಂದಕ್ಕೆ 25. ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಹಾಜರಿದ್ದು ಮತ ಹಾಕಿದವರು ಮಾತ್ರ. ಆ 25 ಜನ ಎದ್ದು ಹೊರಗೆ ಹೋದರೆ 42ರ ಎದುರು 33 ಉಳಿಯುತ್ತದೆ. ಸರ್ಕಾರ ಗೆದ್ದಿತು. ಆ 25 ಜನ ಸರ್ಕಾರಕ್ಕೆ ಮತ ಹಾಕಲಿಲ್ಲ, ಸುಮ್ನೆ ಬೀಳಿಸಲಿಲ್ಲ ಅಷ್ಟೇ. ಅಲ್ಪಮತದ ಸರ್ಕಾರಕ್ಕೆ ಅರ್ಧಕ್ಕಿಂತ ಜಾಸ್ತಿ ಜನ ತನ್ನ ಪರ ಇರಬೇಕಾಗಿಲ್ಲ. ಅಷ್ಟು ಜನ ತನ್ನ ವಿರುದ್ಧ ಒಟ್ಟಾಗದಿದ್ದರೆ ಸಾಕು.

ಸ್ವೀಡನ್‌ನಲ್ಲಿ ಇದನ್ನು ನಿಯಮವನ್ನಾಗಿಯೇ ಬರೆದಿಟ್ಟಿದ್ದಾರೆ. ಅಲ್ಲಿನ ಸಂಸತ್ತಿನಲ್ಲಿ 349 ಸದಸ್ಯರು. 175 ಜನ ಬೇಡ ಅನ್ನದಿದ್ದರೆ ಪ್ರಧಾನಿ ಆಯ್ಕೆಯಾದ ಹಾಗೆ. 2021ರ ನವೆಂಬರ್ 24ರಂದು ಮ್ಯಾಗ್ಡಲೀನಾ ಆಂಡರ್ಸನ್ ಅವರ ಹೆಸರು ಮತಕ್ಕೆ ಬಂತು. ಪರವಾಗಿ 117, ವಿರುದ್ಧ 174, ತಟಸ್ಥ 57, ಒಬ್ಬರು ಗೈರು. ವಿರೋಧಿಸಿದವರು ಬೆಂಬಲಿಸಿದವರಿಗಿಂತ 57 ಜನ ಜಾಸ್ತಿ! ಆದರೂ ಆಕೆ ಗೆದ್ದರು, ಏಕೆಂದರೆ 175ಕ್ಕೆ ಒಂದು ಕಡಿಮೆ ಇತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ದಿನ ಸರ್ಕಾರದ ಬಜೆಟ್ ಸೋತು ವಿರೋಧ ಪಕ್ಷಗಳ ಬಜೆಟ್ ಪಾಸಾಯಿತು. ಅವರು ಬರೆದ ಬಜೆಟ್ಟಿನಲ್ಲಿ ನಾವು ಸರ್ಕಾರ ನಡೆಸುವುದಿಲ್ಲ ಅಂತ ಜೊತೆಗಿದ್ದ ಗ್ರೀನ್ ಪಕ್ಷ ಹೊರಗೆ ನಡೆಯಿತು. ಆಯ್ಕೆಯಾದ ಕೆಲವೇ ಗಂಟೆಗಳಲ್ಲಿ ಆಂಡರ್ಸನ್ ರಾಜೀನಾಮೆ ಕೊಟ್ಟರು. ಐದು ದಿನ ಬಿಟ್ಟು ಮತ್ತೆ ಮತದಾನ. ಈ ಸಲ ಪರವಾಗಿ 101 ಮಾತ್ರ, ವಿರುದ್ಧ 173. ಮತ್ತೆ ಗೆದ್ದರು. ಬೇರೆಯವರ ಬಜೆಟ್ ಕೈಯಲ್ಲಿಟ್ಟುಕೊಂಡೇ ಮುಂದಿನ ವರ್ಷದ ಚುನಾವಣೆವರೆಗೆ ಸರ್ಕಾರ ನಡೆಸಿದರು.

ಎಲ್ಲ ಕಡೆ ಇಷ್ಟು ಸಡಿಲ ಇರುವುದಿಲ್ಲ. ಹೆಚ್ಚಿನ ಕಡೆ ಯಾರಾದರೂ ಬೆಂಬಲ ಕೊಡುತ್ತೇವೆ ಅಂತ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಇಲ್ಲಿ ಸಮ್ಮಿಶ್ರ ಸರ್ಕಾರವನ್ನೂ ಅಲ್ಪಮತದ ಸರ್ಕಾರವನ್ನೂ ಬೆರೆಸಬೇಡಿ. ಸಮ್ಮಿಶ್ರ ಸರ್ಕಾರದಲ್ಲಿ ಪಾಲುದಾರರು ಮಂತ್ರಿಗಿರಿ ಪಡೆಯುತ್ತಾರೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಜವಾಬ್ದಾರರಾಗುತ್ತಾರೆ. ಹೊರಗಿನಿಂದ ಬೆಂಬಲ ಕೊಡುವವರಿಗೆ ಆ ಭಾರ ಇಲ್ಲ. ಲಗಾಮು ಮಾತ್ರ ಅವರ ಕೈಯಲ್ಲಿ. 1990ರ ನವೆಂಬರ್‌ನಲ್ಲಿ ಚಂದ್ರಶೇಖರ್ ಸುಮಾರು 60 ಸಂಸದರನ್ನು ಕಟ್ಟಿಕೊಂಡು, ಕಾಂಗ್ರೆಸ್ಸಿನ ಬಾಹ್ಯ ಬೆಂಬಲದಿಂದ ಪ್ರಧಾನಿಯಾದರು. ರಾಜೀವ್ ಗಾಂಧಿ ಮನೆಯ ಮೇಲೆ ಹರಿಯಾಣದ ಇಬ್ಬರು ಪೊಲೀಸರು ಕಣ್ಣಿಟ್ಟಿದ್ದಾರೆ ಅನ್ನುವ ಗಲಾಟೆಯಲ್ಲಿ ನಾಲ್ಕು ತಿಂಗಳು ತುಂಬುವ ಮೊದಲೇ ರಾಜೀನಾಮೆ ಕೊಡಬೇಕಾಯಿತು. ನನ್ನ ಪ್ರಕಾರ ಆ ಪೊಲೀಸರು ಬರೀ ನೆಪ. ಬೆಂಬಲಿಸುವವರು ನಿಮಗಿಂತ ಮೂರು ಪಟ್ಟು ದೊಡ್ಡವರಾಗಿದ್ದರೆ ನೆಪಕ್ಕೇನು ಬರ?

ಬೆಂಬಲಿಸುವ ಪಕ್ಷ ಚಿಕ್ಕದಾಗಿದ್ದು, ಒಪ್ಪಂದ ಲಿಖಿತವಾಗಿದ್ದರೆ ಆಟವೇ ಬೇರೆ. 2017ರಲ್ಲಿ ಬ್ರಿಟನ್‌ನ ತೆರೇಸಾ ಮೇ ಬಹುಮತ ಕಳೆದುಕೊಂಡು ಉತ್ತರ ಐರ್ಲೆಂಡಿನ ಡಿಯುಪಿ ಅನ್ನುವ ಪಕ್ಷದ 10 ಸಂಸದರ ಜೊತೆ ಒಪ್ಪಂದ ಮಾಡಿಕೊಂಡರು. ವಿಶ್ವಾಸಮತ ಮತ್ತು ಬಜೆಟ್ಟಿಗೆ ಬೆಂಬಲ, ಬದಲಿಗೆ ಉತ್ತರ ಐರ್ಲೆಂಡಿಗೆ 100 ಕೋಟಿ ಪೌಂಡ್ ಹೆಚ್ಚುವರಿ ಹಣ. ಇದರ ಮಜಾ ಕಂಡಿದ್ದು 2019ರ ಜನವರಿಯಲ್ಲಿ. 15ರಂದು ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬರುವ ಒಪ್ಪಂದದ ಮೇಲೆ ಸರ್ಕಾರ 202–432ರಲ್ಲಿ ಸೋತಿತು. ಅವರದೇ ಪಕ್ಷದ ನೂರಕ್ಕೂ ಹೆಚ್ಚು ಜನ, ಡಿಯುಪಿಯವರು, ಎಲ್ಲ ವಿರುದ್ಧ ಹಾಕಿದರು. ಮಾರನೇ ದಿನ ಅವಿಶ್ವಾಸ ಗೊತ್ತುವಳಿ ಬಂದಾಗ ಅದೇ ಜನ ತಿರುಗಿ ಬಂದು ಸರ್ಕಾರವನ್ನು 325–306ರಲ್ಲಿ ಉಳಿಸಿದರು. ಒಂದು ಮಸೂದೆ ಸೋತರೆ ಮುಖಕ್ಕೆ ಮಸಿ ಅಷ್ಟೇ. ಕುರ್ಚಿ ಹೋಗುವುದು ವಿಶ್ವಾಸದ ಪ್ರಶ್ನೆಯಲ್ಲಿ ಸೋತರೆ.

ಬಜೆಟ್ ಮಾತ್ರ ಬೇರೆ ಲೆಕ್ಕ. ಬ್ರಿಟಿಷ್ ಪದ್ಧತಿ ಅನುಸರಿಸುವ ದೇಶಗಳಲ್ಲಿ ಖರ್ಚಿಗೆ ಸದನ ಒಪ್ಪಲಿಲ್ಲ ಅಂದರೆ ವಿಶ್ವಾಸ ಹೋಯಿತು ಅಂತಲೇ ಅರ್ಥ. ಕೆನಡಾದ ಜೋ ಕ್ಲಾರ್ಕ್ 1979ರಲ್ಲಿ 282ರಲ್ಲಿ 136 ಸೀಟು ಗೆದ್ದು ಪ್ರಧಾನಿಯಾದರು. ಬಹುಮತ ಇದ್ದವರ ಹಾಗೇ ನಡೆದುಕೊಂಡರು. ಬೆರಳೆಣಿಕೆಯ ಸದಸ್ಯರಿದ್ದ ಸೋಷಿಯಲ್ ಕ್ರೆಡಿಟ್ ಪಕ್ಷವನ್ನು ಒಲಿಸಿಕೊಳ್ಳಲೂ ಇಲ್ಲ. ಡಿಸೆಂಬರ್‌ನಲ್ಲಿ ಪೆಟ್ರೋಲ್ ತೆರಿಗೆ ಏರಿಸುವ ಬಜೆಟ್ ತಂದರು. ಮತದಾನದ ದಿನ ಅವರದೇ ಮೂವರು ಸದಸ್ಯರು ಸದನದಲ್ಲಿರಲಿಲ್ಲ, ಆ ಚಿಕ್ಕ ಪಕ್ಷ ತಟಸ್ಥವಾಗಿ ಕೂತಿತು. 133–139. ಸರ್ಕಾರ ಬಿತ್ತು. ಎರಡು ತಿಂಗಳಲ್ಲಿ ಚುನಾವಣೆ ನಡೆದು ಎದುರಾಳಿ ಪಕ್ಷ ಪೂರ್ಣ ಬಹುಮತದಿಂದ ಬಂತು.

ಕ್ಲಾರ್ಕ್ ಪ್ರಕರಣದಲ್ಲಿ ಬೀಳಿಸಿದವರಿಗೆ ಲಾಭವಾಯಿತು. ಯಾವಾಗಲೂ ಹಾಗಾಗುವುದಿಲ್ಲ. ಸರ್ಕಾರ ಬಿದ್ದರೆ ಮತ್ತೆ ಚುನಾವಣೆ ಬರಬಹುದು, ಎದ್ದು ನಿಲ್ಲಲು ಎಷ್ಟೋ ಸದಸ್ಯರಿಗೆ ದುಡ್ಡೂ ಇಲ್ಲ, ಧೈರ್ಯವೂ ಇಲ್ಲ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269–270ರಲ್ಲಿ, ಬರೀ ಒಂದು ಮತದಿಂದ ಬಿತ್ತು. ಬೀಳಿಸಲು ಒಟ್ಟಾದ 270 ಜನ ಮುಂದಿನ ಪ್ರಧಾನಿ ಯಾರು ಅನ್ನುವುದರಲ್ಲಿ ಒಟ್ಟಾಗಲಿಲ್ಲ. ಚುನಾವಣೆ ಮುಗಿದ ಮೇಲೆ ವಾಜಪೇಯಿಯವರೇ ವಾಪಸ್ ಬಂದರು.

ಜರ್ಮನಿಯವರು ಈ ಕಾಟವೇ ಬೇಡ ಅಂತ ಸಂವಿಧಾನದಲ್ಲೇ ಬರೆದಿದ್ದಾರೆ. ಹೊಸ ಚಾನ್ಸಲರ್‌ನನ್ನು (ಅಲ್ಲಿನ ಸರ್ಕಾರದ ಮುಖ್ಯಸ್ಥ) ಬಹುಮತದಿಂದ ಆರಿಸದೆ ಹಳಬರನ್ನು ಅವಿಶ್ವಾಸದಿಂದ ಕೆಳಗಿಳಿಸುವ ಹಾಗಿಲ್ಲ. ಸ್ಪೇನ್‌ನಲ್ಲೂ ಇಂಥದ್ದೇ ನಿಯಮ. 2018ರಲ್ಲಿ ಪೆಡ್ರೊ ಸಾಂಚೆಝ್ ಹೀಗೇ ಪ್ರಧಾನಿಯಾದರು, 350ರಲ್ಲಿ ಅವರ ಪಕ್ಷಕ್ಕಿದ್ದದ್ದು 84!

ಇನ್ನು ಕೆಲಸ ಆಗುತ್ತದಾ ಅನ್ನುವ ಪ್ರಶ್ನೆ. ಆಗುತ್ತದೆ. 1991ರಲ್ಲಿ ಭಾರತದ ಆರ್ಥಿಕ ಸುಧಾರಣೆಗಳನ್ನು ಶುರುಮಾಡಿದ್ದು ಬಹುಮತ ಇಲ್ಲದ ನರಸಿಂಹ ರಾವ್ ಸರ್ಕಾರ. ಐದು ವರ್ಷ ಪೂರ್ತಿಯೂ ಮಾಡಿತು. ಆದರೆ ಹೇಗೆ ಅನ್ನುವುದನ್ನೂ ಹೇಳಬೇಕು. 1993ರ ಜುಲೈನಲ್ಲಿ ಅವಿಶ್ವಾಸ ಗೊತ್ತುವಳಿ 251–265ರಲ್ಲಿ ಸೋತು ಸರ್ಕಾರ ಉಳಿಯಿತು. ಆಮೇಲೆ, ಆ ಮತಕ್ಕಾಗಿ ಜಾರ್ಖಂಡ್ ಮುಕ್ತಿ ಮೋರ್ಚಾ ಸಂಸದರಿಗೆ ಲಂಚ ಕೊಟ್ಟ ಆರೋಪ ಕೋರ್ಟು ಹತ್ತಿತು. ಲಂಚ ಪಡೆದು ಸದನದಲ್ಲಿ ಮತ ಹಾಕಿದವರ ಮೇಲೆ ಕೇಸು ನಡೆಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿತು. ಆ ತೀರ್ಪು ತಪ್ಪು ಅಂತ ಅದೇ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2024ರ ಮಾರ್ಚ್‌ನಲ್ಲಿ.