ಪ್ಲಾಸ್ಟರ್ ಜಾರಿದರೆ ಮುಂದಿನ ವಾರದವರೆಗೆ ಕಾಯಬೇಡಿ

ಪ್ರಶ್ನೆ: ನನ್ನ ಮಗನಿಗೆ ಎರಡೂವರೆ ತಿಂಗಳು. ಹುಟ್ಟುವಾಗಲೇ ಬಲಗಾಲಿನ ಪಾದ ಒಳಕ್ಕೆ ತಿರುಗಿತ್ತು. ವಾರಕ್ಕೊಂದರಂತೆ ಪ್ಲಾಸ್ಟರ್ ಹಾಕಿಸುತ್ತಿದ್ದೇವೆ. ಮೂರನೆಯದು ಹಾಕಿದ ಮರುದಿನವೇ ಜಾರಿ ಬೆರಳುಗಳು ಒಳಗೆ ಹೋದವು. ಹೇಗೂ ಮುಂದಿನ ವಾರ ಹೋಗುತ್ತೇವಲ್ಲ ಅಂತ ಸುಮ್ಮನಿದ್ದೆವು. ಬಿಚ್ಚಿ ನೋಡಿದರೆ ಪಾದ ಊದಿದೆ, ಗಿಡ್ಡ ಕಾಣುತ್ತದೆ, ಹೆಬ್ಬೆರಳು ಮೇಲಕ್ಕೆ ಎದ್ದಿದೆ, ಅಂಗಾಲಿಗೆ ಅಡ್ಡಲಾಗಿ ಆಳವಾದ ಗೆರೆ ಬಿದ್ದಿದೆ. ಡಾಕ್ಟರು ಸ್ವಲ್ಪ ದಿನ ಪ್ಲಾಸ್ಟರ್ ಬೇಡ ಎಂದಿದ್ದಾರೆ. ಮನೆಯವರು ಪ್ಲಾಸ್ಟರಿನಿಂದಲೇ ಕೆಟ್ಟಿತು, ಆಪರೇಷನ್ ಮಾಡಿಸಿಬಿಡಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ ತಾಯಿ, ದೊಡ್ಡ ಆಪರೇಷನ್ನಿಗೆ ಈಗ ಅವಸರ ಬೇಡ. ಹುಟ್ಟುವಾಗಲೇ ಹೀಗೆ ಒಳಕ್ಕೆ ತಿರುಗಿದ ಪಾದಕ್ಕೆ ಕ್ಲಬ್‌ಫೂಟ್ ಅನ್ನುತ್ತಾರೆ. ನೀವು ಬರೆದ ಲಕ್ಷಣಗಳೆಲ್ಲ ಒಟ್ಟಿಗೆ ಕಂಡರೆ ಅದನ್ನು ನಾವು ಕಾಂಪ್ಲೆಕ್ಸ್ ಕ್ಲಬ್‌ಫೂಟ್ ಅನ್ನುತ್ತೇವೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಹೀಗಿರುತ್ತದೆ. ಆದರೆ ಎಷ್ಟೋ ಸಲ ಜಾರಿದ ಪ್ಲಾಸ್ಟರೇ ಕಾರಣ. ಹಿಮ್ಮಡಿ ತನ್ನ ಜಾಗ ಬಿಟ್ಟು ಮೇಲಕ್ಕೆ ಸರಿಯುತ್ತದೆ, ಪುಟ್ಟ ಪಾದ ಒಳಗೇ ಮುದುಡಿಕೊಳ್ಳುತ್ತದೆ, ಅಲ್ಲೇ ಒತ್ತಿ ಒತ್ತಿ ಬಾವು ಬರುತ್ತದೆ. ಹಾಗಾಗಿ ಮನೆಯವರ ಮಾತು ಅರ್ಧ ನಿಜ.

ನಿಮ್ಮ ಡಾಕ್ಟರು ನಿಲ್ಲಿಸಿದ್ದು ಸರಿ. ಬಾವು ಇಳಿದು ಚರ್ಮ ಮೆತ್ತಗಾದ ಮೇಲೆ ಮತ್ತೆ ಪ್ಲಾಸ್ಟರ್ ಶುರು ಮಾಡಬಹುದು, ಆದರೆ ಈ ಸಲ ಹಾಕುವ ರೀತಿ ಬೇರೆ. ಮಾಮೂಲಿ ಕ್ಲಬ್‌ಫೂಟ್ ಆದರೆ ಪಾದವನ್ನು 60-70 ಡಿಗ್ರಿವರೆಗೆ ಹೊರಕ್ಕೆ ತಿರುಗಿಸುತ್ತೇವೆ. ಇಂಥ ಪಾದವನ್ನು 40ರ ಆಚೆಗೆ ತಿರುಗಿಸಬಾರದು, ತಿರುಗಿಸಿದರೆ ಬೆರಳುಗಳಷ್ಟೇ ಹೊರಕ್ಕೆ ಹೋಗಿ ಪಾದ ಇನ್ನೂ ಕೆಡುತ್ತದೆ. ಮಂಡಿಯನ್ನು 90 ಡಿಗ್ರಿಗಿಂತ ಸ್ವಲ್ಪ ಜಾಸ್ತಿ, ಸುಮಾರು 110ರವರೆಗೆ ಮಡಿಸಿ ಹಾಕುತ್ತಾರೆ, ಆಗ ಪ್ಲಾಸ್ಟರ್ ಸುಲಭವಾಗಿ ಜಾರುವುದಿಲ್ಲ. ಇದರ ಅನುಭವ ಇರುವವರ ಹತ್ತಿರವೇ ಮಾಡಿಸಿ. "ಕಾಂಪ್ಲೆಕ್ಸ್ ಪಾದಕ್ಕೆ ನೀವು ಪ್ಲಾಸ್ಟರ್ ಹಾಕಿದ್ದೀರಾ" ಅಂತ ನೇರವಾಗಿ ಕೇಳಿ, ಯಾವ ಒಳ್ಳೆ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಿಮ್ಮಡಿ ಹಿಂದಿನ ಬಿಗಿಯಾದ ನರವನ್ನು (ಜನ ನರ ಅನ್ನುತ್ತಾರೆ, ನಿಜಕ್ಕೂ ಅದು ಸ್ನಾಯುವಿನ ಹುರಿ) ಚಿಕ್ಕ ಗಾಯದಲ್ಲಿ ಕತ್ತರಿಸುವುದು ಬಹುತೇಕ ಮಕ್ಕಳಿಗೆ ಬೇಕಾಗುತ್ತದೆ. ಅದಕ್ಕೆ ಹೆದರಬೇಡಿ. ನಂತರ ಮೂರು ವಾರದ ಪ್ಲಾಸ್ಟರಿನೊಳಗೆ ಆ ಹುರಿ ಉದ್ದವಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ. ಅಪರೂಪಕ್ಕೆ ರಕ್ತ ಜಾಸ್ತಿ ಹೋಗಬಹುದು, ಪ್ಲಾಸ್ಟರಿನ ಮೇಲೆ ಕೆಂಪು ಕಲೆ ಹರಡುತ್ತಲೇ ಇದ್ದರೆ ತಕ್ಷಣ ತೋರಿಸಿ. ಹುರಿ ಕತ್ತರಿಸುವುದನ್ನು ತಪ್ಪಿಸಲು ಬೆರಳುಗಳನ್ನೇ ಮೇಲಕ್ಕೆ ಒತ್ತಿ ಒತ್ತಿ ಸರಿ ಮಾಡಲು ಹೋದರೆ ಹಿಮ್ಮಡಿ ಮೇಲೇ ಉಳಿದು ಪಾದ ಮಧ್ಯದಲ್ಲಿ ಮುರಿದಂತಾಗಿ, ಅಂಗಾಲು ತೊಟ್ಟಿಲಿನ ತಳದ ಹಾಗೆ ಉಬ್ಬುತ್ತದೆ. ಅದನ್ನು ಸರಿಪಡಿಸುವುದು ತುಂಬಾ ಕಷ್ಟ.

ಪಾದದ ಬಿಗಿತವನ್ನೆಲ್ಲ ಕತ್ತರಿಸಿ ಬಿಡಿಸುವ ದೊಡ್ಡ ಆಪರೇಷನ್ ಹಿಂದೆ ಸಾಮಾನ್ಯವಾಗಿತ್ತು. ಮಗು ಚಿಕ್ಕದಿದ್ದಾಗ ಪಾದ ಚೆನ್ನಾಗೇ ಕಾಣುತ್ತಿತ್ತು, ಆದರೆ ದೊಡ್ಡವರಾಗುತ್ತ ಎಷ್ಟೋ ಮಂದಿಗೆ ಕೀಲು ಬಿಗಿದು ನೋವು ಶುರುವಾಗುತ್ತಿತ್ತು. ಅಮೆರಿಕದ ಅಯೋವಾದಲ್ಲಿ ಡಾ. ಪೊನ್ಸೆಟಿ 1940ರ ದಶಕದ ಕೊನೆಯಲ್ಲೇ ಈ ವಾರವಾರದ ಪ್ಲಾಸ್ಟರ್ ಪದ್ಧತಿ ಶುರು ಮಾಡಿದ್ದರು, 1963ರಲ್ಲಿ ಬರೆದು ಪ್ರಕಟಿಸಿದರು. ಆದರೂ ಜಗತ್ತು ಅದರ ಕಡೆ ತಿರುಗಿದ್ದು 1990ರ ದಶಕದಲ್ಲಿ. ಅಷ್ಟು ವರ್ಷ ಎಷ್ಟು ಮಕ್ಕಳ ಪಾದಕ್ಕೆ ಸುಮ್ನೆ ಕತ್ತರಿ ಬಿತ್ತು ಅಂತ ನೆನೆದರೆ ಸಂಕಟವಾಗುತ್ತದೆ.

ಈಗ ನೀವು ಮನೆಯಲ್ಲಿ ಮಾಡಬೇಕಾದ್ದು. ಹೊಸ ಪ್ಲಾಸ್ಟರ್ ಹಾಕಿಸಿ ಬಂದ ದಿನವೇ ಬೆರಳುಗಳು ಎಷ್ಟು ಹೊರಗೆ ಕಾಣುತ್ತವೆ ಅಂತ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಡೈಪರ್ ಬದಲಿಸುವಾಗೆಲ್ಲ ಅದರ ಜೊತೆ ಹೋಲಿಸಿ ನೋಡಿ. ಹೆಬ್ಬೆರಳನ್ನು ಮೆಲ್ಲಗೆ ಒತ್ತಿ ಬಿಡಿ, ಬೆಳ್ಳಗಾಗಿ ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಗುಲಾಬಿ ಬಣ್ಣ ಬರಬೇಕು. ಬರದಿದ್ದರೆ, ಬೆರಳು ನೀಲಿಯಾದರೆ, ತಣ್ಣಗಾದರೆ, ಮಗು ಏನು ಮಾಡಿದರೂ ಸಮಾಧಾನವಾಗದೆ ಅಳುತ್ತಿದ್ದರೆ, ಪ್ಲಾಸ್ಟರಿನಿಂದ ಕೆಟ್ಟ ವಾಸನೆ ಬಂದರೆ ಅವತ್ತೇ ಹೋಗಿ. ರಾತ್ರಿಯಾದರೂ ಸರಿ. ಬೆರಳು ಒಳಗೆ ಜಾರಿದರೂ ಅಷ್ಟೇ, ಬಿಚ್ಚಿಸಲೇಬೇಕು. ಜಾರಿದ ಪ್ಲಾಸ್ಟರಿನೊಂದಿಗೆ ಒಂದು ವಾರ ಕಳೆಯುವುದಕ್ಕಿಂತ ಪ್ಲಾಸ್ಟರೇ ಇಲ್ಲದೆ ಎರಡು ದಿನ ಇರುವುದು ವಾಸಿ.

ಪ್ರಶ್ನೆ: ಮಗಳಿಗೆ ಎರಡು ವರ್ಷ. ಒಳಕ್ಕೆ ತಿರುಗಿದ್ದ ಪಾದ ಪ್ಲಾಸ್ಟರಿನಿಂದ ನೇರವಾಗಿದೆ, ಓಡಾಡುತ್ತಾಳೆ. ರಾತ್ರಿ ಬ್ರೇಸ್ (ಪಾದ ಮತ್ತೆ ತಿರುಗದಂತೆ ಹಾಕುವ, ಸರಳಿಗೆ ಜೋಡಿಸಿದ ಬೂಟು) ಹಾಕಿದರೆ ಅಳು, ಹಿಮ್ಮಡಿಯ ಹಿಂದೆ ಬೊಬ್ಬೆಯೂ ಬಂದಿದೆ. ಬಿಟ್ಟುಬಿಡಬಹುದಾ?

ಉತ್ತರ: ದಯವಿಟ್ಟು ಬಿಡಬೇಡಿ. ಪಾದ ಮತ್ತೆ ತಿರುಗುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಬ್ರೇಸ್ ನಿಲ್ಲಿಸುವುದು. ನಾಲ್ಕು ಐದು ವರ್ಷದವರೆಗೆ ರಾತ್ರಿ ಹೊತ್ತು ಅದು ಬೇಕು. ಹಿಮ್ಮಡಿಯ ಬೊಬ್ಬೆಗೆ ಬ್ರೇಸ್ ಬಿಗಿಯಾಗಿದೆ ಅಂತ ಎಲ್ಲರೂ ಸಡಿಲ ಮಾಡುತ್ತಾರೆ, ಆದರೆ ಸಾಮಾನ್ಯವಾಗಿ ಆಗಿರುವುದು ಉಲ್ಟಾ. ಪಟ್ಟಿ ಸಡಿಲವಿದ್ದು ಹಿಮ್ಮಡಿ ಬೂಟಿನೊಳಗೆ ಮೇಲೆ ಕೆಳಗೆ ಉಜ್ಜುತ್ತಿರುತ್ತದೆ. ಬೂಟು ಚಿಕ್ಕದಾಗಿದೆಯಾ ನೋಡಿಸಿ, ಮಧ್ಯದ ಪಟ್ಟಿ ಸರಿಯಾಗಿ ಕಟ್ಟುವುದನ್ನು ಎದುರಿಗೆ ಕೂತು ಕಲಿಯಿರಿ.

ಬ್ರೇಸ್ ಹಾಕಿದರೂ ಹಿಮ್ಮಡಿ ಪದೇಪದೇ ಕಳಚಿಕೊಂಡು ಬರುತ್ತಿದ್ದರೆ ಮಾತ್ರ ತಡಮಾಡದೆ ತೋರಿಸಿ. ಹುರಿ ಮತ್ತೆ ಬಿಗಿಯುತ್ತಿದೆ ಅನ್ನುವುದಕ್ಕೆ ಅದೇ ಮೊದಲ ಸೂಚನೆ ಇರಬಹುದು. ಬರಿಗಾಲಲ್ಲಿ ನಡೆಯುವಾಗ ಪಾದದ ಹೊರ ಅಂಚಿನ ಮೇಲೆ ಭಾರ ಹಾಕುತ್ತಾಳಾ, ಕುಕ್ಕರಗಾಲಲ್ಲಿ ಕೂತರೆ ಹಿಮ್ಮಡಿ ನೆಲ ಬಿಡುತ್ತದಾ ಅಂತಲೂ ಗಮನಿಸಿ. ಈ ವಯಸ್ಸಿನಲ್ಲಿ ಸಿಕ್ಕರೆ ಎರಡು ಮೂರು ಪ್ಲಾಸ್ಟರಿನಲ್ಲೇ ಮತ್ತೆ ಸರಿಯಾಗುವ ಸಾಧ್ಯತೆ ಚೆನ್ನಾಗಿದೆ.